ಗೀಟು ಹೊಡದ ಮಾತು

ಮಷೀನು ಬಂದು ಒಂಬತ್ತು ವರ್ಷ.
ಬಟನ್ ಒತ್ತಿದರ ಟಿಕೀಟು ಹೊರಗ ಬೀಳತೈತಿ,
ಊರಿನ ಹೆಸರು, ದರ, ತಾಸು, ಮಿನಿಟು
ಎಲ್ಲಾ ತಾನ ಬರೀತೈತಿ.
ನನ್ನ ಬೆರಳಿಗೆ ಉಳದದ್ದು
ಬಾಕಿ ಚಿಲ್ಲರಿ, ಟಿಕೀಟಿನ ಬೆನ್ನಮ್ಯಾಲೆ:
ಹದಿನೇಳು, ನಲವತ್ತಮೂರು, ಎಂಬತ್ತು.
ಅಂಕಿ ಬರಿಯೂ ಕೈಗೆ ಅಕ್ಷರ ಬರತಾವಂತ
ಯಾರು ಹೇಳಿದ್ರು?

ನವನಗರದ ಮನಿಯಾಗ, ರಾತ್ರಿ ಹನ್ನೊಂದಕ್ಕ,
ಮಗಳ ಗಣಿತದ ನೋಟಬುಕ್ಕಿನ ನಡುವಿನ ಹಾಳಿ ಕಿತ್ತೆ.
ನಡುವಿಂದು ಕಿತ್ತರ ಜೋಡಿಯಾಗಿ ಬರತಾವು,
ಕಳುವು ಗೊತ್ತಾಗೂದಿಲ್ಲ.
"ಜೈತುನಬಿಗೆ" ಅಂತ ಬರದೆ.
ಅಲ್ಲೇ ನಿಂತೆ, ಏರಿನ್ಯಾಗ ಗೇರು ಬೀಳದ ಗಾಡಿ ಹಂಗ.

ಸಾಲಿಯಾಗ ಕಲಿಸಿದ ಒಕ್ಕಣಿ ನೆನಪಾತು:
ಉಭಯ ಕುಶಲೋಪರಿ ಸಾಂಪ್ರತ.
ಬಾಯಿಪಾಠ ಬರತೈತಿ, ಅರ್ಥ ಇವತ್ತಿಗೂ ಬರೂದಿಲ್ಲ.
ಬರದು ನೋಡಿದೆ. ಸುಳ್ಳನಿಸಿತು.
ಇಲ್ಲಿ ನಾ ಕುಶಲ ಇಲ್ಲ.

ಆದದ್ದಿಷ್ಟ.
ಏಳನೇತ್ತೆ ಕೂಡಿ ಕಲತವರ ಗ್ರುಪ್ಪಿನಾಗ
ನಾವು ನಲವತ್ತೊಂದು ಮಂದಿ.
ಅಕ್ಕೋರು ರಿಟಾಯರ್ ಆಗೂ ಹೊತ್ತಿಗೆ
ಒಂದು ಇಳಕಲ್ ಸೀರಿ, ಒಂದು ಗೋಡಿ ಗಡಿಯಾರ
ಕೊಡೂಣಂತ ರೊಕ್ಕ ಕೂಡಿಸಿದ್ವಿ.
ಇಟಗೊಂಡಾಕಿ ನೀನು.
ಲೆಕ್ಕ ಕೇಳಿದಾಕಿ ನಾನು,
ಎಲ್ಲಾರ ಮುಂದ,
ಟಿಕೀಟಿಲ್ಲದವರನ್ನ ಕೇಳೂ ದನಿಯೊಳಗ.

ಒಂದ ನಿಮಿಷಕ್ಕ ಅಳಿಸಿದೆ.
"ಈ ಸಂದೇಶವನ್ನು ಅಳಿಸಲಾಗಿದೆ" ಅಂತ
ಗೋರಿಮ್ಯಾಲೆ ಕಲ್ಲು ನೆಟ್ಟಂಗ ಉಳೀತು ಅಲ್ಲಿ.
ಕೆಳಗ ಏನೈತೆಂತ ಎಲ್ಲಾರಿಗೂ ಗೊತ್ತು.
ಮರುದಿನ ಗ್ರುಪ್ಪಿನಾಗ ನಲವತ್ತ ಮಂದಿ.

ಫೋನ್ ಹಚ್ಚಿದೆ, ಗಂಟಿ ಬಡದು ಬಡದು ಸುಮ್ಮನಾತು.
ಸಾರಿ ಅಂತ ಕಳಿಸಿದೆ.
ಕೈಮುಗದ ಬೊಂಬಿ ಕಳಿಸಿದೆ,
ಅದ ಬೊಂಬಿ ಮುಂಜಾನೆ ಡಿಪೋ ಸಾಹೇಬ್ರಿಗೂ ಕಳಿಸಿದ್ದೆ,
ರಜಾ ಕೇಳಾಕ.

ಹಾಳಿಯೊಳಗ ಅಳಸೂ ಹಾದಿ ಇಲ್ಲ.
"ನೀನೂ ಒಂದ ಮಾತು ಹೇಳಬೇಕಿತ್ತು" ಅಂತ ಬರದು
ಗೀಟು ಹೊಡದೆ.
ಗೀಟಿನ ಕೆಳಗ ಅದು ಹಂಗ ಕಾಣತೈತಿ.
ಇರಲಿ. ಓದಕೊ.
ಸಿಟ್ಟೂ ಬಂದಿತ್ತು, ನಾಚಿಕೀನೂ ಬಂದಿತ್ತು,
ಎರಡೂ ಒಂದ ಸಾಲಿನ್ಯಾಗ ಅದಾವು.
ಐತ್ವ ಮರತು ಮೂರು ಸಲ ನಿನ್ನ ಹೆಸರು ಕೆಡಿಸೀನಿ.
ಮೂಲ್ಯಾಗಿನ ಕಲಿ ಬದನಿಕಾಯಿ ಪಲ್ಲೇದ ಎಣ್ಣಿ,
ಕಣ್ಣೀರಂತ ತಿಳಕೋಬ್ಯಾಡ.

ಅಂಟು ಇರಲಿಲ್ಲ,
ಉಳದ ಸಂಗಟಿ ತಿಕ್ಕಿ ಲಕೋಟಿ ಮುಚ್ಚಿದೆ.
ಪೋಸ್ಟಿನ ಹುಡುಗ ಕೇಳಿದ, "ಸ್ಪೀಡಾ ಅಕ್ಕಾ?"
ಸಾದಾ ಅಂದೆ.
ಸ್ಟಾಂಪು ಹುಡಕಾಕ ಎರಡು ಡ್ರಾವರು ತಗದ.

"ದಿನಾ ನಾಕು ಸಲ ಆಕಿ ಓಣಿ ಮುಂದ ಹಾಯತೇವಿ,
ಕೈಯಾಗ ಕೊಡಬಾರದ?" ಅಂದ ಡ್ರೈವರ್ ಮುದಕಪ್ಪ.
ಕೈಯಾಗ ಕೊಟ್ಟರ ಮುಖ ನೋಡಬೇಕು, ಕಾಕಾ.
ಮುಖಕ್ಕ ಗೀಟು ಹೊಡಿಯಾಕ ಬರೂದಿಲ್ಲ.

ಮೂರನೇ ದಿನ ಏಳೂ ಹತ್ತರ ಗುಳೇದಗುಡ್ಡದ ಗಾಡಿಗೆ
ಟಪಾಲಿನ ಚೀಲ ಏರಿಸಿದರು.
ಅದರಾಗ ಐತೋ, ನಿನ್ನೇನ ಹೋತೋ,
ಹುಬ್ಬಳ್ಳಿ ಸುತ್ತಾಕ ಹೋಗೇತೋ.
ಶಿರೂರ ತನಕ ಇಂಜಿನ್ ಬಾಜೂಕ ಕಾಯಕೊಂತ ಬಿದ್ದಿತ್ತು.
ಎತ್ತಿ ನನ್ನ ಸೀಟಿನ ಕೆಳಗ ಇಟಗೊಂಡೆ.
ಐದು ಸೇರು ಜೋಳದಷ್ಟೂ ತೂಕ ಇರಲಿಲ್ಲ.

ಗುಳೇದಗುಡ್ಡದಾಗ ಒಬ್ಬಾಂವ ಬಂದು ಹೊತಗೊಂಡ.
ಆಂವ ರಸ್ತೆ ದಾಟಿ,
ಖಣದ ಅಂಗಡಿ ಸಂದಿಯೊಳಗ ಮರಿಯಾಗೂತನಾ
ಸೀಟಿ ಬಾಯಾಗ ಹಿಡಕೊಂಡು ನಿಂತೆ, ಊದಲಿಲ್ಲ.
ಮುದಕಪ್ಪ ಹಾರ್ನ್ ಹೊಡದ:
"ಯಾರನ್ನ ಕಾಯಾಕತ್ತೀಯವ್ವಾ?"

ಒಬ್ಬಾಕಿಗೆ ಚಿಲ್ಲರಿ ಕೊಡೂದಿತ್ತು,
ಅಂದೆ.